ಮಟನ್ ತಿನ್ನುವವರು ಪ್ರಾಣಿದಯೆಯ ಗುಂಪಿನಲ್ಲಿ ಇರಬಹುದೇ? – ಪ್ರತಿಕ್ರಿಯೆ

ರಾಯಚೂರಿನಲ್ಲಿ ಬೀದಿನಾಯಿಗಳ ಆರೈಕೆ ಮಾಡುತ್ತಿದ್ದೀರಿ. ನೀವು ಮಟನ್ ತಿನ್ನುವುದು ತಿಳಿದ ಮೇಲೆ ಗುಂಪಿನವರೊಬ್ಬರು "ನಿಮಗಿಲ್ಲಿ ಏನು ಕೆಲಸ?" ಎಂದರಂತೆ. ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ.

ನಾನು ಮಾಂಸ ತಿನ್ನುವುದಿಲ್ಲ, ಆದರೂ ಹೀಗೆ ಹೇಳುತ್ತೇನೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮವಿದೆ. ತೋಳ ಕುರಿಗಾಹಿಗಳ ನಡುವೆಯೇ ಬದುಕುವ ಪ್ರಾಣಿ. ಮಂದೆಯಿಂದ ಮರಿಯನ್ನು ಹೊತ್ತೊಯ್ದಾಗ ವಿಷವಿಡುವುದೋ ಸಹಿಸಿಕೊಳ್ಳುವುದೋ ಎಂದು ತೀರ್ಮಾನಿಸುವವರು ಅವರೇ. ಅವರ ಸಂಸಾರ ನಡೆಯುವುದು ಮಾಂಸಕ್ಕೆ ಕುರಿ ಮಾರಿ. ಅವರನ್ನು ದೂರವಿಟ್ಟು ತೋಳವನ್ನು ಉಳಿಸುವುದು ಹೇಗೆ?

ನಿಮ್ಮ ಊರಿನ ಬಿಸಿಲನ್ನೇ ನೋಡಿ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಎತ್ತು, ಕತ್ತೆಗಳಿಂದ ಭಾರ ಎಳೆಸುವಂತಿಲ್ಲ, ಹೊರಿಸುವಂತಿಲ್ಲ. 1965ರ ಕೇಂದ್ರ ನಿಯಮ ಹಾಗೆ ಹೇಳುತ್ತದೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆ ಮೀರಿ ದುಡಿಸುವಂತೆಯೂ ಇಲ್ಲ. ಏಪ್ರಿಲ್‌ನಲ್ಲಿ ಇದನ್ನು ಗಾಡಿಯವರಿಗೆ ತಾಳ್ಮೆಯಿಂದ ತಿಳಿಸಲು, ನೀರು, ನೆರಳು ಒದಗಿಸಲು ಜನ ಬೇಕು. ಬಂದವರ ಬುತ್ತಿಯಲ್ಲಿ ಏನಿದೆ ಎಂಬುದು ಎತ್ತಿಗೆ ಮುಖ್ಯವಲ್ಲ.

ಹಾಗೆಂದು ಊಟದ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಸುಮಾರು ಆರು ವಾರಕ್ಕೇ ಕತ್ತಿಗೆ ಬರುವ ಬ್ರಾಯ್ಲರ್ ಕೋಳಿಯ ಇಕ್ಕಟ್ಟಿನ ಬದುಕಿನ ಬಗ್ಗೆ ಯಾರಾದರೂ ಮಾತೆತ್ತಿದರೆ ಕುಳಿತು ಕೇಳಿ. ಕಡಿಮೆ ಮಾಡಬೇಕೆನಿಸಿದರೆ ಮಾಡಿ. ನಿಮ್ಮನ್ನು ಆಕ್ಷೇಪಿಸಿದವರು ಹಾಲು ಕುಡಿಯುವವರಾದರೆ, ಹೈನಿನ ಗಂಡುಕರುಗಳು ಎಲ್ಲಿಗೆ ಹೋಗುತ್ತವೆ ಎಂಬ ಚರ್ಚೆಗೆ ಅವರೂ ಕೂರಲಿ. ಮುಂದಿನ ಸಭೆಗೆ ತಪ್ಪದೆ ಹೋಗಿ, ಆ ಮಧ್ಯಾಹ್ನದ ನಿಯಮವನ್ನು ಮೊದಲು ಪ್ರಸ್ತಾಪಿಸಿ.