ಆ ಹುಡುಗ ಹೇಳಿದ್ದೇನು?

ಓದುಗರ ಪತ್ರ: ಹುಬ್ಬಳ್ಳಿಯಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದೇನೆ. ಸಂಬಳ ಏರಿಸಿದೆ, ಮಧ್ಯಾಹ್ನದ ಊಟ ಕೊಟ್ಟೆ, ಹಬ್ಬಕ್ಕೆ ಬೋನಸ್ಸೂ ಕೊಟ್ಟೆ. ಆದರೂ ಚುರುಕಾದ ಹುಡುಗರು ವರ್ಷ ತುಂಬುವ ಮೊದಲೇ ಬೆಂಗಳೂರು, ಪುಣೆಯ ಬಸ್ ಹತ್ತುತ್ತಾರೆ. ಡ್ರಿಲ್ಲಿಂಗ್ ಯಂತ್ರದ ಜೋಡಣೆ ಬದಲಿಸೋಣವೆಂದು ಸದಾ ಹೇಳುತ್ತಿದ್ದ ಒಬ್ಬನೂ ಕಳೆದ ತಿಂಗಳು ಹೋದ. ಈ ತಲೆಮಾರಿಗೆ ನಿಷ್ಠೆಯೇ ಇಲ್ಲವೇ?

ಸಂಪಾದಕರ ಉತ್ತರ: ಸಂಬಳದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಮನೆ ಬಾಡಿಗೆ, ತಂಗಿಯ ಕಾಲೇಜು ಶುಲ್ಕ ಕಟ್ಟಬೇಕಾದ ಹುಡುಗ ನಾಲ್ಕು ಕಾಸು ಹೆಚ್ಚು ಸಿಗುವಲ್ಲಿಗೆ ಹೋದರೆ ಅದನ್ನು ತಪ್ಪೆನ್ನಲಾರೆ. ನೀವು ಸಂಬಳ ಏರಿಸಿದ್ದೀರಿ, ಸಂತೋಷ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಡ್ರಿಲ್ಲಿಂಗ್ ಯಂತ್ರದ ಹುಡುಗ. ಅವನಿಗೆ ಒಂದೇ ಸಾಲು ಕೊಟ್ಟಿದ್ದೀರಿ. ಅವನು ಹೇಳಿದಂತೆ ಒಂದು ದಿನವಾದರೂ ಮಾಡಿ ನೋಡಿದಿರೋ ಇಲ್ಲವೋ, ಬರೆದಿಲ್ಲ.

ಬೆಂಗಳೂರಿನ ಪೀಣ್ಯದ ಶೆಡ್ಡುಗಳ ಕಥೆ ಕೇಳಿರಬಹುದು. ಅದೂ ನಿಮ್ಮದರಂಥದೇ ಕೈಗಾರಿಕಾ ಪ್ರದೇಶವಾದ್ದರಿಂದ ಮತ್ತೆ ಹೇಳುತ್ತೇನೆ. ನಮ್ಮ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡದ್ದು ಅಲ್ಲಿ. ಮುಂದಾಳು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್, ಅಮೆರಿಕದ ಕೆಲಸ ಬಿಟ್ಟು ಬಂದವರು. ಜೊತೆಗಿದ್ದವರಲ್ಲಿ ಹೆಚ್ಚಿನವರು ಎಳೆಯ ಎಂಜಿನಿಯರುಗಳು, ಉಪಗ್ರಹ ಕಟ್ಟಿದ ಅನುಭವ ಇಲ್ಲದವರು. ಶೆಡ್ಡಿನೊಳಗೇ ದೂಳು ನುಗ್ಗದ ಕೋಣೆ ಮಾಡಿಕೊಂಡು, ಸುಮಾರು 360 ಕಿಲೋ ತೂಕದ ಉಪಗ್ರಹವನ್ನು ಕಟ್ಟಿದರು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಹಾಗೆಂದು ಯಾರೂ ಶೆಡ್ಡಿಗೆ ಬೀಗ ಹಾಕಲಿಲ್ಲ, ರಾವ್ ಅವರನ್ನು ಬದಲಿಸಲೂ ಇಲ್ಲ. 1979ರ ಜೂನ್‌ನಲ್ಲಿ ಮುಂದಿನ ಉಪಗ್ರಹ ಭಾಸ್ಕರ ಹಾರಿತು.

ಅದೇ ವರ್ಷ ಆಗಸ್ಟ್ 10ರಂದು ಉಪಗ್ರಹ ಹೊರುವ ನಮ್ಮದೇ ರಾಕೆಟ್ ಎಸ್‌ಎಲ್‌ವಿ-3 ಸಮುದ್ರಕ್ಕೆ ಬಿದ್ದಾಗ ಇಸ್ರೊ ಅಧ್ಯಕ್ಷ ಸತೀಶ್ ಧವನ್ ಪತ್ರಕರ್ತರ ಮುಂದೆ ತಾವೇ ಕುಳಿತು ಹೊಣೆ ಹೊತ್ತರು. ಮರುವರ್ಷ ಜುಲೈ 18ರಂದು ಗೆದ್ದಾಗ, ಯೋಜನೆ ನಡೆಸಿದ್ದ ಅಬ್ದುಲ್ ಕಲಾಂ ಅವರನ್ನು ಮುಂದೆ ಕಳಿಸಿದರು. ಕಲಾಂ ಇದನ್ನು ರಾಷ್ಟ್ರಪತಿಯಾದ ಮೇಲೂ ಹೇಳುತ್ತಲೇ ಇದ್ದರು. ಇಂಥ ಯಜಮಾನನನ್ನು ಬಿಟ್ಟು ಯಾರು ಹೋಗುತ್ತಾರೆ, ಹೇಳಿ!

ನಾನು ಕಂಡ ಇನ್ನೊಂದು ಬಗೆಯ ಯಜಮಾನಿಕೆಯೂ ಇದೆ. ಮೂವತ್ತು ವರ್ಷಗಳ ಹಿಂದೆ ನಾನು ಕರಡು ತಿದ್ದುತ್ತಿದ್ದ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವ ಹುಡುಗನೊಬ್ಬ, ಮಕ್ಕಳ ಪುಸ್ತಕದಲ್ಲಿ ತುಂಗೆ, ಭದ್ರೆಯರ ಸಂಗಮ ಶಿವಮೊಗ್ಗದಲ್ಲಿ ಎಂದಿರುವುದನ್ನು ಕಂಡು, ಅದು ಕೂಡಲಿ ಆಗಬೇಕೆಂದ. "ಜೋಡಿಸುವುದು ನಿನ್ನ ಕೆಲಸ, ಓದುವುದಲ್ಲ" ಎಂದರು ವ್ಯವಸ್ಥಾಪಕರು. ಪುಸ್ತಕ ತಪ್ಪಾಗಿಯೇ ಅಚ್ಚಾಯಿತು. ಹುಡುಗ ಆ ತಿಂಗಳ ಸಂಬಳ ಪಡೆದು ಹೋದವನು ಮರಳಲಿಲ್ಲ. ಅಂದು ನಾನು ಬಾಯಿ ತೆರೆಯಲಿಲ್ಲ ಎಂಬ ನೋವು ಇನ್ನೂ ಇದೆ.

ನಮ್ಮ ನಾಡಿನ ರೋಗವೇ ಇದು. ಶಾಲೆಯಲ್ಲಿ ಪ್ರಶ್ನೆ ಕೇಳಿದ ಮಗು ಅಧಿಕಪ್ರಸಂಗಿ. ಕಚೇರಿಯಲ್ಲಿ ಕಡತಕ್ಕೆ ಹೊಸ ಟಿಪ್ಪಣಿ ಬರೆದ ಗುಮಾಸ್ತನಿಗೆ ವರ್ಗಾವಣೆ. ಬೆರಳಚ್ಚು ಹಾಜರಾತಿಗೆ ಯಂತ್ರ ಕೊಳ್ಳುತ್ತೇವೆ, ಬಂದವನ ತಲೆಯಲ್ಲೇನಿದೆ ಎಂದು ಕೇಳುವುದಿಲ್ಲ. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ದೋಷ ಕಂಡ ಸಾಮಾನ್ಯ ಕಾರ್ಮಿಕನೂ ಹಗ್ಗ ಜಗ್ಗಿ ಮೇಲಿನವರನ್ನು ಕರೆಯಬಹುದು. ಅಗತ್ಯವಾದರೆ ಇಡೀ ತಯಾರಿಕಾ ಸಾಲು ನಿಲ್ಲುತ್ತದೆ. ಆ ಹಗ್ಗಕ್ಕೆ ಎಷ್ಟು ಖರ್ಚಾದೀತು? ಇಷ್ಟಾದರೂ ನಾವು ನಿಷ್ಠೆಯ ಲೆಕ್ಕ ಕೇಳುವುದು ಮಾತ್ರ ಕಿರಿಯರನ್ನು.

ನೀವು ಕೆಟ್ಟ ಯಜಮಾನರಲ್ಲ. ಹೋದವನ ಮಾತನ್ನು ಇನ್ನೂ ನೆನಪಿಟ್ಟುಕೊಂಡಿದ್ದೀರಿ; ಎಷ್ಟೋ ಜನ ಹೆಸರನ್ನೂ ಮರೆಯುತ್ತಾರೆ. ಅವನ ಮೊಬೈಲ್ ಸಂಖ್ಯೆ ನಿಮ್ಮಲ್ಲಿರುತ್ತದೆ. ಮರಳಿ ಬಾ ಎನ್ನಬೇಡಿ. ಯಂತ್ರದ ಜೋಡಣೆ ಹೇಗೆ ಬದಲಿಸಬೇಕೆಂದಿದ್ದೆ ಎಂದು ಕೇಳಿ. ಹಾಗೆಯೇ ಒಂದು ವಾರ ನಡೆಸಿ, ಆದದ್ದನ್ನು ನಮಗೆ ಬರೆಯಿರಿ. ಅವನು ಒಪ್ಪಿದರೆ ಅವನ ಹೆಸರನ್ನೂ ಸೇರಿಸಿ ಅಚ್ಚು ಹಾಕುತ್ತೇವೆ.