ವಾಚ್ ಬಿಚ್ಚಿಟ್ಟು ಓಡಬಹುದೇ?

ಪ್ರಶ್ನೆ: ನನಗೆ 46 ವರ್ಷ, ಮಂಗಳೂರಿನಲ್ಲಿ ಉದ್ಯೋಗ. ಮೂರು ವರ್ಷಗಳಿಂದ ಸ್ಮಾರ್ಟ್‌ವಾಚ್ ಕಟ್ಟಿಕೊಂಡು ವಾರಕ್ಕೆ ನಾಲ್ಕು ದಿನ ಓಡುತ್ತಿದ್ದೇನೆ. ಕಳೆದ ತಿಂಗಳು ಅದು ಕೆಟ್ಟು ದುರಸ್ತಿಗೆ ಹೋದಾಗ, ಓಡಿದರೂ ಲೆಕ್ಕಕ್ಕೆ ಸೇರುವುದಿಲ್ಲ ಎನ್ನಿಸಿ ಎರಡು ವಾರ ಮನೆಯಲ್ಲೇ ಉಳಿದೆ. ದೂರ, ವೇಗ, ಹೃದಯ ಬಡಿತ ಯಾವುದೂ ತಿಳಿಯದೆ ಓಡಿದರೆ ಪ್ರಯೋಜನವಿದೆಯೇ? ಅತಿಯಾದರೆ ತಿಳಿಯುವುದು ಹೇಗೆ?
– ಓದುಗರೊಬ್ಬರು, ಕದ್ರಿ

ಉತ್ತರ: ಪ್ರಯೋಜನ ಖಂಡಿತ ಇದೆ. ಕಾಲು ಗಟ್ಟಿಯಾಗಿರುವಾಗ ವಾಚ್ ಇಲ್ಲವೆಂಬ ಒಂದೇ ಕಾರಣಕ್ಕೆ ನೀವು ಎರಡು ವಾರ ಓಡದೆ ಉಳಿದದ್ದನ್ನು ಓದಿ ನನಗೆ ನಿಜವಾಗಿ ಬೇಸರವಾಯಿತು.

ಅತಿಯಾಗುವ ಪ್ರಶ್ನೆಯೇ ಮುಖ್ಯವಾದುದರಿಂದ ಮೊದಲು ಅದನ್ನು ನೋಡೋಣ. ಶ್ರಮವನ್ನು ಅಳೆಯಲು ಉಸಿರು ಸಾಕು. ಯಕ್ಷಗಾನ ಕೇಳಿ ಬೆಳೆದ ನಮ್ಮ ಕರಾವಳಿಯವರಿಗೆ ಭಾಮಿನಿ ಷಟ್ಪದಿಯ ಒಂದು ಪದ್ಯವಾದರೂ ಬಾಯಿಗೆ ಬರುತ್ತದೆ. ಅದರ ಮೊದಲ ಸಾಲಿಗೆ 14 ಮಾತ್ರೆ, ಮೂರನೆಯ ಸಾಲಿಗೆ 23. ಓಡುತ್ತಲೇ ಅದನ್ನು ಮೆಲ್ಲಗೆ ಹೇಳಿಕೊಳ್ಳಿ. ಮೂರನೆಯ ಸಾಲೂ ಒಂದೇ ಉಸಿರಿನಲ್ಲಿ ಮುಗಿದರೆ ಓಟ ಹಗುರವಾಗಿದೆ. ಮೊದಲ ಸಾಲು ಒಂದೇ ಉಸಿರಿನಲ್ಲಿ ಮುಗಿದು ಮೂರನೆಯದು ನಡುವೆ ತುಂಡಾದರೆ ಶ್ರಮ ಮಧ್ಯಮಕ್ಕೆ ಏರಿದೆ. ಮೊದಲ ಸಾಲಿಗೇ ಉಸಿರು ಸಾಲದಿದ್ದರೆ ವೇಗ ಇಳಿಸಬೇಕು. ಇದು ನಾನು ಬಳಸುವ ಕ್ರಮ. ಆದರೆ ಮಾತನಾಡಿ ಶ್ರಮವನ್ನು ಅರಿಯುವ ಪರೀಕ್ಷೆಯನ್ನು ವ್ಯಾಯಾಮ ತಜ್ಞರೂ ಒಪ್ಪುತ್ತಾರೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಅವರಂತೂ ವ್ಯಕ್ತಿ ತನ್ನ ಶ್ರಮಕ್ಕೆ ತಾನೇ ಅಂಕ ಕೊಡುವ, 6ರಿಂದ 20ರವರೆಗಿನ ಮಾಪಕವನ್ನೇ ರೂಪಿಸಿದರು. ಆರೋಗ್ಯವಂತ ಯುವಕರಲ್ಲಿ ಆ ಅಂಕವನ್ನು ಹತ್ತರಿಂದ ಗುಣಿಸಿದರೆ ನಿಮಿಷದ ಹೃದಯ ಬಡಿತ ಸರಿಸುಮಾರು ಸಿಗುವಂತೆ ಅದನ್ನು ಹೊಂದಿಸಲಾಗಿದೆ.

ನಮ್ಮ ಊರಿನ ಹವೆಯಲ್ಲಿ ಈ ಅಭ್ಯಾಸ ಇನ್ನಷ್ಟು ಅಗತ್ಯ. ಏಪ್ರಿಲ್, ಮೇ ತಿಂಗಳಲ್ಲಿ ಮೈಯಿಂದ ಬೆವರು ತೊಟ್ಟಿಕ್ಕುತ್ತದೆಯೇ ಹೊರತು ಆರುವುದಿಲ್ಲ. ಬೆವರು ಆರದೆ ಮೈ ತಣಿಯುವುದಿಲ್ಲ. ಆಗ ಶಾಖವನ್ನು ಹೊರಹಾಕಲು ಚರ್ಮದ ಕಡೆಗೆ ಹೆಚ್ಚು ರಕ್ತ ಹರಿಯಬೇಕಾಗಿ, ಡಿಸೆಂಬರಿನಲ್ಲಿ ಸಲೀಸಾಗಿದ್ದ ಅದೇ ವೇಗಕ್ಕೆ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಕಿಲೋಮೀಟರಿಗೆ ಇಷ್ಟೇ ನಿಮಿಷ ಎಂದು ವಾಚ್ ನೋಡಿ ಹಟ ಹಿಡಿಯುವವರು ಎಡವುವುದು ಇಲ್ಲಿಯೇ. ಮಣಿಕಟ್ಟಿನ ಬಡಿತದ ಅಂಕಿಯೂ ಎಲ್ಲ ಹೊತ್ತಿನಲ್ಲಿ ನಂಬುವಂಥದ್ದಲ್ಲ. ವಾಚ್‌ನ ಅಡಿಯ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಏರಿಳಿತವನ್ನು ಓದುತ್ತದೆ. ಪಟ್ಟಿ ಸಡಿಲವಾಗಿ ಜಾರತೊಡಗಿದರೆ ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ಹೃದಯದ ಲಯವೆಂದು ತೋರಿಸುತ್ತದೆ.

ದೂರ ಅಳೆಯಲು ಮಂಗಳಾ ಕ್ರೀಡಾಂಗಣದ ಟ್ರ್ಯಾಕ್ ಇದೆ. ಒಳಗಿನ ಮೊದಲ ಲೇನಿನಲ್ಲಿ ಒಂದು ಸುತ್ತು 400 ಮೀಟರ್. ಹನ್ನೆರಡೂವರೆ ಸುತ್ತಿಗೆ 5 ಕಿಲೋಮೀಟರ್. ಒಂದೊಂದು ಲೇನ್ ಹೊರಗೆ ಸರಿದಂತೆ ಸುತ್ತಿಗೆ ಏಳೂವರೆ ಮೀಟರಿನಷ್ಟು ಹೆಚ್ಚಾಗುತ್ತದೆ. ಎಣಿಕೆ ತಪ್ಪುವುದಾದರೆ ಹುಣಸೆ ಬೀಜಗಳನ್ನು ಎಡಗೈಯಲ್ಲಿ ಹಿಡಿದು ಸುತ್ತಿಗೊಂದರಂತೆ ಬಲಗೈಗೆ ದಾಟಿಸಿ.

ವಾರದಲ್ಲಿ ಒಂದು ದಿನವಾದರೂ ತಣ್ಣೀರುಬಾವಿಗೋ ಪಣಂಬೂರಿಗೋ ಹೋಗಿ, ಇಳಿತದ ಹೊತ್ತಿನಲ್ಲಿ, ಅಲೆ ಆಗಷ್ಟೇ ಬಿಟ್ಟುಹೋದ ಗಟ್ಟಿ ಮರಳಿನ ಮೇಲೆ ಓಡಿ ನೋಡಿ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮೀನುಗಾರರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಒದ್ದೆ ಮರಳಿನಲ್ಲಿ ಪಾದ ಹಗುರವಾಗಿ ಬಿದ್ದರೆ ಸದ್ದು ಚಿಕ್ಕದು, ದಣಿದು ಹಿಮ್ಮಡಿ ಕುಕ್ಕತೊಡಗಿದರೆ ದಪ್ಪ. ತಿರುಗಿ ಬರುವಾಗ ನಿಮ್ಮದೇ ಹೆಜ್ಜೆ ಗುರುತು ಕಣ್ಣ ಮುಂದಿರುತ್ತದೆ: ಯಾವ ಹಿಮ್ಮಡಿ ಆಳವಾಗಿ ಹೂತಿದೆ, ಎಲ್ಲಿಂದ ಹೆಜ್ಜೆ ಗಿಡ್ಡವಾಗಿದೆ ಎಂಬುದನ್ನು ಮುಂದಿನ ಅಲೆ ಅಳಿಸುವ ಮುನ್ನ ಬಾಗಿ ನೋಡಿ. ದಡ ಸಮುದ್ರದ ಕಡೆಗೆ ಇಳಿಜಾರಾಗಿರುವುದರಿಂದ ಹೋದ ದಾರಿಯಲ್ಲೇ ಹಿಂದಿರುಗಿದರೆ ಎರಡೂ ಕಾಲಿಗೆ ಹೊರೆ ಸಮನಾಗುತ್ತದೆ.

ಹೃದಯದ ತೊಂದರೆಯಿದ್ದು, ಬಡಿತ ಇಂತಿಷ್ಟೇ ಇರಬೇಕೆಂದು ವೈದ್ಯರು ಹೇಳಿದ್ದರೆ ಮಾತ್ರ ಅವರನ್ನು ಕೇಳದೆ ಯಂತ್ರವನ್ನು ಬಿಡಬೇಡಿ. ಎದೆ ಬಿಗಿತ, ತಲೆಸುತ್ತು ಕಾಣಿಸಿಕೊಂಡರೆ ಯಾರೇ ಆಗಲಿ ಅಲ್ಲೇ ನಿಲ್ಲಬೇಕು.

ಪ್ರಶ್ನೆ: ಬೆಳಗಿನ ಜಾವ ಹೆದ್ದಾರಿಯ ಬದಿಯಲ್ಲಿ ಒಬ್ಬಳೇ ಓಡುತ್ತೇನೆ. ಎಲ್ಲವನ್ನೂ ಬಿಟ್ಟು ಓಡಬೇಕೆಂಬ ಆಸೆಯಿದೆ. ಮೊಬೈಲನ್ನೂ ಮನೆಯಲ್ಲಿ ಇಡಬಹುದೇ?
– ಓದುಗರೊಬ್ಬರು, ಕಾಪು

ಉತ್ತರ: ಒಬ್ಬರೇ ಹೋಗುವಾಗ ಮೊಬೈಲ್ ಸೊಂಟದ ಚೀಲದಲ್ಲಿರಲಿ, ಅದನ್ನು ತೆಗೆದು ನೋಡುವ ಅಗತ್ಯವಿಲ್ಲ. ಬಿಡಲೇಬೇಕಾದದ್ದು ಇಯರ್‌ಫೋನ್. ಹೆದ್ದಾರಿ 66ರಲ್ಲಿ ಹಿಂದಿನಿಂದ ಬರುವ ಲಾರಿಯನ್ನು ಮೊದಲು ಅರಿಯುವುದು ಕಿವಿ. ವಾಹನಗಳು ಎದುರಿನಿಂದ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಿ, ತಿಳಿ ಬಣ್ಣದ ಬಟ್ಟೆ ತೊಡಿ. ಸಾಧ್ಯವಾದರೆ ಹೆದ್ದಾರಿಯನ್ನೇ ಬಿಟ್ಟು, ಬೆಳಕು ಹರಿದ ಮೇಲೆ ದೀಪಸ್ತಂಭದ ಕಡೆಯ ದಡಕ್ಕೆ ಹೋಗಿ. ಮನೆಯವರ ಫೋನ್ ಸಂಖ್ಯೆಯನ್ನೂ ನಿಮ್ಮ ರಕ್ತದ ಗುಂಪನ್ನೂ ಬರೆದ ಚೀಟಿಯೊಂದು ಜೊತೆಗಿರಲಿ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ನಮ್ಮ ಬೆವರಿಗೆ ಬರಿಯ ಕಾಗದ ಎರಡು ಕಿಲೋಮೀಟರಿನೊಳಗೆ ಮುದ್ದೆಯಾಗುತ್ತದೆ.