ಅಕ್ಕನ ಹೊಟ್ಟೆಕಿಚ್ಚನ್ನು ತೋರಿಸುವ ಬಗ್ಗೆ

ತಾಯಿ ಮಗನನ್ನೇ ಜಾಸ್ತಿ ಹಚ್ಚಿಕೊಂಡಿರುವುದನ್ನು 15 ನಿಮಿಷದ ಕಿರುಚಿತ್ರದಲ್ಲಿ ಮಾತಿನಲ್ಲಿ ಹೇಳದೆ ತೋರಿಸುವುದು ಹೇಗೆ ಅಂತ ಕೇಳಿದ್ದೀರಿ. ಬೈಯುವ, ಹೊಡೆಯುವ ದೃಶ್ಯ ಬೇಡವೇ ಬೇಡ. ತಾಯಿ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಲಿ. ತಮ್ಮನ ಉತ್ತರಕ್ಕೆ ಕಾಯಲಿ, ಅಕ್ಕನ ಮಾತು ಮುಗಿಯುವ ಮೊದಲೇ ಆ ಕಡೆ ತಿರುಗಲಿ. ಕ್ಯಾಮೆರಾ ಅಕ್ಕನ ಮುಖದ ಮೇಲೇ ನಿಲ್ಲಲಿ, ತಾಯಿಯ ದನಿ ಫ್ರೇಮಿನ ಹೊರಗಿಂದ ಬರಲಿ. ದಯವಿಟ್ಟು ಆ ಶಾಟನ್ನು ಬೇಗ ಕಟ್ ಮಾಡಬೇಡಿ.

ತಮ್ಮನೋ ತಂಗಿಯೋ ಹುಟ್ಟಿದಾಗ ಮೊದಲ ಮಗುವಿಗೆ ಪಟ್ಟದಿಂದ ಇಳಿಸಿದಂತಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಆಡ್ಲರ್ ವಿವರಿಸಿದ್ದರು. ನಿಮ್ಮ ಪಾತ್ರದ್ದೂ ಇದೇ ಸಂಕಟ ಅಲ್ವಾ? ಹಾಗಾಗಿ ತಮ್ಮನನ್ನು ಕೆಟ್ಟವನನ್ನಾಗಿ ಮಾಡಬೇಡಿ. ಅವನಿಗೆ ಅಕ್ಕ ಅಂದ್ರೆ ಪ್ರಾಣ ಇರಲಿ, ಆಗ ಅವಳ ಹೊಟ್ಟೆಕಿಚ್ಚು ಅವಳನ್ನೇ ಜಾಸ್ತಿ ಸುಡುತ್ತದೆ. ನಿಮ್ಮ ಕಥೆಯ ಕೊನೆಗೆ ತಾಯಿ ಮಗಳ ಕ್ಷಮೆ ಕೇಳುವ ದೃಶ್ಯ ಮಾತ್ರ ತೆಗೆದುಬಿಡಿ. ಇಷ್ಟು ಚಿಕ್ಕ ಚಿತ್ರದಲ್ಲಿ ಆ ರಾಜಿ ನಂಬುವಂತಿರುವುದಿಲ್ಲ.